ಕಲೆ ತೆಗೆಯಲು ತಂದದ್ದೇ ಕಲೆ ಮಾಡಿದರೆ

ಪ್ರಶ್ನೆ: ನಮ್ಮ ಮನೆ ಪೆರ್ಲದ ಹತ್ತಿರ. ಕುಡಿಯಲು ಗುಡ್ಡೆಯ ಸುರಂಗದ ನೀರು, ಒಗೆಯಲು ಬೋರ್ ನೀರು. ಮೇ ತಿಂಗಳಲ್ಲಿ ಟಾಪ್ ಲೋಡ್ ವಾಷಿಂಗ್ ಮೆಷಿನ್ ತಂದೆವು. ಮಳೆ ಹಿಡಿದ ಮೇಲೆ ಬಟ್ಟೆಗೆಲ್ಲ ಕಮಟು ವಾಸನೆ. ಹಾಗಾಗಿ ಪರಿಮಳದ ಕಂಡಿಷನರ್ ತಂದು ಮೆಷಿನ್ನಿನಲ್ಲಿದ್ದ ಬಟ್ಟೆಯ ಮೇಲೆಯೇ ಸುರಿದೆ. ಮಗಳ ನೇವಿ ಬ್ಲೂ ಚೂಡಿದಾರದಲ್ಲಿ ಎಣ್ಣೆ ಬಿದ್ದ ಹಾಗೆ ಮಚ್ಚೆಗಳಾದವು. ಯಜಮಾನರ ಎರಡು ಮುಂಡಿಗೆ ನೀಲಿ ಹಾಕುವಾಗ ಅಲ್ಲಲ್ಲಿ ನೀಲಿ ಕಲೆ ಆಯಿತು. ಒಂದಕ್ಕೆ ಬ್ಲೀಚ್ ಹಾಕಿದೆ. ನೀಲಿ ಹೋಯಿತು, ಆದರೆ ಮುಂಡು ಹಳದಿಯಾಯಿತು. ಇನ್ನೂ ಸ್ವಲ್ಪ ಜಾಸ್ತಿ ಹಾಕಿದೆ, ಇನ್ನೂ ಹಳದಿ. ಇನ್ನೊಂದು ಕಸವಿನ, ಅಂದರೆ ಜರಿ ಅಂಚಿನ ಮುಂಡು, ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಕಪ್ಪು ಬಟ್ಟೆಗಳಲ್ಲಿ ಬಿಳಿ ಗೆರೆ ಬೇರೆ. ಅತ್ತೆ ‘ಮೆಷಿನ್ನೇ ಹಾಳು, ಕಲ್ಲೇ ಒಳ್ಳೆಯದು’ ಅಂತಾರೆ. ನೆರೆಮನೆಯವರು ಉಪ್ಪು ಹಾಕಿ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು. ಏನು ಮಾಡಲಿ? ಡ್ರೈ ಕ್ಲೀನಿಂಗಿಗೆ ಕೊಟ್ಟರೆ ಸರಿಯಾದೀತಾ?

ಉತ್ತರ: ಪತ್ರ ಓದುವಾಗ ಕಾಸರಗೋಡು ಪೇಟೆಯ ನನ್ನ ಲಾಂಡ್ರಿಯ ಕೌಂಟರ್ ನೆನಪಾಯಿತು. 28 ವರ್ಷ ಅದರ ಹಿಂದೆ ಕೂತವನು ನಾನು. ಮಳೆಗಾಲದಲ್ಲಿ ಬರುತ್ತಿದ್ದ ಕಲೆಯ ಬಟ್ಟೆಗಳಲ್ಲಿ ಕೆಸರಿನದ್ದು, ಸಾಂಬಾರಿನದ್ದು ಇರುತ್ತಿತ್ತು, ನಿಜ. ಆದರೆ ತಲೆ ತಿನ್ನುತ್ತಿದ್ದದ್ದು ಸೋಪು, ನೀಲಿ, ಬ್ಲೀಚಿನ ಕಲೆಗಳು. ತಂದವರು ನಾಚಿಕೆಯಿಂದ ‘ಏನೋ ಬಿತ್ತು’ ಅನ್ನುತ್ತಿದ್ದರು. ಏನು ಬಿತ್ತು ಅಂತ ಬಾಯಿ ಬಿಡಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತಿತ್ತು. ನೀವು ಹೆಚ್ಚುಕಡಿಮೆ ಎಲ್ಲವನ್ನೂ ಬರೆದಿದ್ದೀರಿ, ಒಳ್ಳೆಯದಾಯಿತು.

ನಿಮ್ಮ ಹತ್ತಿರ ಈಗ ಇರುವುದು ನಾಲ್ಕು ಬೇರೆ ಬೇರೆ ಕಲೆ. ಒಂದು ಬಣ್ಣದ್ದು, ಒಂದು ಜಿಡ್ಡಿನದ್ದು, ಒಂದು ಕರಗದೆ ಉಳಿದ ಹುಡಿಯದ್ದು. ನಾಲ್ಕನೆಯದು ಕಬ್ಬಿಣದ್ದು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎಲ್ಲಕ್ಕೂ ಬ್ಲೀಚ್ ಅಂತ ಹೊರಟರೆ ಆಗುವುದು ಈಗ ಆದದ್ದೇ. ಅದಕ್ಕೇ ಮೊದಲು ಒಂದು ಕೆಲಸ ಮಾಡಿ: ಎಲ್ಲ ನಿಲ್ಲಿಸಿ. ಕಲೆಯಾದ ಯಾವ ಬಟ್ಟೆಗೂ ಇಸ್ತ್ರಿ ಹಾಕಬೇಡಿ. ಬಿಸಿ ತಾಗಿದರೆ ಹೋಗಬಹುದಾದ ಕಲೆಯೂ ಕೂತುಬಿಡುತ್ತದೆ.

ಹಳದಿಯಾದ ಮುಂಡಿನಿಂದಲೇ ಶುರು ಮಾಡೋಣ, ಗೊಂದಲ ಜಾಸ್ತಿ ಇರುವುದು ಅಲ್ಲೇ.

ಮುಂಡು ಹಳದಿಯಾದದ್ದಕ್ಕೆ ಬ್ಲೀಚ್ ಒಂದನ್ನೇ ಬೈದು ಫಲವಿಲ್ಲ. ಅರ್ಧ ತಪ್ಪು ನಿಮ್ಮ ಬೋರಿನದ್ದು. ನಮ್ಮದು ಮುರಕಲ್ಲಿನ ಊರು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ‘ಲ್ಯಾಟರೈಟ್’ ಅಂತ ಹೆಸರು ಕೊಟ್ಟದ್ದು ಮಲಬಾರಿನ ಈ ಕಲ್ಲನ್ನು ನೋಡಿಯೇ. ಅದರ ಕೆಂಪು ಅಂದರೆ ಕಬ್ಬಿಣದ ತುಕ್ಕು. ಹಾಗಾಗಿ ನಮ್ಮ ಕಡೆ ಎಷ್ಟೋ ಬೋರ್‌ಗಳ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಪಂಪು ಹಾಕಿದಾಗ ನೀರು ಕನ್ನಡಿಯ ಹಾಗೆ ತಿಳಿ. ರಾತ್ರಿ ಬಾಲ್ದಿಯಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ತಳದಲ್ಲಿ ಕಂದು ಗಸಿ. ಗಾಳಿ ತಾಗಿ, ಕರಗಿದ್ದ ಕಬ್ಬಿಣ ತುಕ್ಕಾಗಿ ಕೆಳಗೆ ಕೂತಿರುತ್ತದೆ. ಗಾಳಿ ರಾತ್ರಿಯಿಡೀ ಮಾಡುವ ಈ ಕೆಲಸವನ್ನು ಬ್ಲೀಚ್ ಕೆಲವೇ ನಿಮಿಷದಲ್ಲಿ ಮಾಡುತ್ತದೆ. ಆ ನೀರಿನೊಳಗೆ ಮುಂಡು ಇದ್ದರೆ ತುಕ್ಕು ಕೂರುವುದು ಮುಂಡಿನ ಎಳೆಯೊಳಗೆ. ಬ್ಲೀಚ್ ಜಾಸ್ತಿ ಹಾಕಿದಷ್ಟೂ ತುಕ್ಕು ಜಾಸ್ತಿ. ನೀವು ನೋಡಿದ್ದು ಅದನ್ನೇ.

ನಂಬಿಕೆ ಬರದಿದ್ದರೆ ಪರೀಕ್ಷೆ ಸುಲಭ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಈಗಷ್ಟೇ ಹಿಡಿದ ಬೋರ್ ನೀರು, ಇನ್ನೊಂದರಲ್ಲಿ ಸುರಂಗದ ನೀರು. ಎರಡಕ್ಕೂ ನಾಲ್ಕೈದು ಹನಿ ಬ್ಲೀಚ್ ಹಾಕಿ, ಹಿಂದೆ ಬಿಳಿ ಕಾಗದ ಇಟ್ಟು ಕಾಲು ಗಂಟೆ ಬಿಡಿ. ಬಣ್ಣ ಕಟ್ಟಿದ ಚಾದ ಹಾಗೆ ಯಾವುದು ತಿರುಗಿತೋ ಆ ನೀರಿಗೆ ಬ್ಲೀಚ್ ಇನ್ನು ಮುಂದೆ ಬೇಡವೇ ಬೇಡ. ಬಾವಿಗೆ ಬ್ಲೀಚಿಂಗ್ ಹುಡಿ ಹಾಕಿದ ಮರುದಿನ ಒಗೆದ ಬಿಳಿ ಬಟ್ಟೆ ಮಾಸಲಾಯಿತು ಅಂತ ಸುಮಾರು ಜನ ಹೇಳುತ್ತಾರೆ. ಬಾವಿ ನೀರಿನಲ್ಲೂ ಕಬ್ಬಿಣ ಇದ್ದರೆ ನಡೆಯುವುದು ಇದೇ. ಬಾವಿಗೆ ಹಾಕುವುದು ತಪ್ಪಲ್ಲ, ಮಳೆಗಾಲದಲ್ಲಿ ಹಾಕಲೇಬೇಕು. ಬಿಳಿ ಬಟ್ಟೆಯನ್ನು ಎರಡು ದಿನ ಬಿಟ್ಟು ಒಗೆದರಾಯಿತು, ಅಲ್ವಾ?

ಈಗ ಮದ್ದು. ಕಬ್ಬಿಣದ ಕಲೆಯನ್ನು ಬಿಡಿಸುವುದು ಹುಳಿ. ಆದರೆ ಹುಳಿ ಹಾಕುವ ಮೊದಲು ಮುಂಡಿನಿಂದ ಬ್ಲೀಚ್ ಪೂರ್ತಿ ಹೋಗಿರಬೇಕು. ಬ್ಲೀಚ್ ಮತ್ತು ಹುಳಿ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಮ್ಮೆ ಅಂಗಡಿಯಲ್ಲಿ ಅವಸರ ಮಾಡಿ, ಬ್ಲೀಚ್ ಇದ್ದ ತೊಟ್ಟಿಯನ್ನು ಸರಿಯಾಗಿ ತೊಳೆಯದೆ ನಿಂಬೆ ಉಪ್ಪು ಹಾಕಿದ್ದೆ. ಕಣ್ಣು ಉರಿದು, ಉಸಿರು ಕಟ್ಟಿ, ಮಳೆಯಲ್ಲೇ ಅಂಗಳಕ್ಕೆ ಓಡಿದ್ದೆ. ಎರಡು ದಿನ ಕೆಮ್ಮು. ವಿನೆಗರ್, ನಿಂಬೆಹಣ್ಣು, ಪಾಯಿಖಾನೆ ತೊಳೆಯುವ ಆಸಿಡ್, ಇವು ಯಾವುದೂ ಬ್ಲೀಚಿನ ಜೊತೆ ಸೇರಬಾರದು.

ಹಾಗಾಗಿ ಮುಂಡನ್ನು ಸುರಂಗದ ನೀರಿನಲ್ಲಿ ನಾಲ್ಕು ಸಲ ಜಾಲಿಸಿ, ಒಂದು ರಾತ್ರಿ ಅದೇ ನೀರಿನಲ್ಲಿ ನೆನೆಹಾಕಿ. ಮೂಗಿಗೆ ಹಿಡಿದರೆ ಬ್ಲೀಚಿನ ವಾಸನೆ ಇರಬಾರದು. ಆಮೇಲೆ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಮೂರು ಲೀಟರಿನಷ್ಟು ಬಿಸಿನೀರು, ಅದಕ್ಕೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು. ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂತ ಕೇಳಿದರೂ ಸಿಗುತ್ತದೆ. ಪೂರ್ತಿ ಕರಗಿಸಿ, ಮುಂಡನ್ನು ಬಿಡಿಸಿ ಮುಳುಗಿಸಿ. ಅರ್ಧ ಗಂಟೆ ಬಿಟ್ಟು ನೋಡಿ. ಹಳದಿ ತೆಳುವಾಗಿದ್ದರೆ ದಾರಿ ಸರಿ ಇದೆ ಅಂತ ಅರ್ಥ. ಹೊಸ ನೀರಿನಲ್ಲಿ ಇನ್ನೊಂದು ಸಲ ಮಾಡಿ. ಹುಳಿಯನ್ನು ಬಟ್ಟೆಯಲ್ಲೇ ಒಣಗಲು ಬಿಡಬೇಡಿ, ಹತ್ತಿಯ ಎಳೆ ಸಡಿಲಾಗುತ್ತದೆ. ಕೊನೆಗೆ ಮಾಮೂಲಿ ಸೋಪಿನಲ್ಲಿ ಒಗೆದು ಒಣಗಿಸಿ.

ಹಿತ್ತಲಲ್ಲಿ ಬಿಂಬುಳಿ ಮರ ಇದೆಯಾ? ಇದ್ದರೆ ಅದೂ ಆಗುತ್ತದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ. ತುಕ್ಕು ಬಿಡಿಸುವುದರಲ್ಲಿ ಅದು ನಿಂಬೆಗಿಂತ ಚುರುಕು. ಮಲಯಾಳದಲ್ಲಿ ಅದಕ್ಕೆ ‘ಇರುಂಬನ್ ಪುಳಿ’ ಅನ್ನುತ್ತಾರೆ, ಹೆಸರಿನಲ್ಲೇ ಕಬ್ಬಿಣ. ನಾಲ್ಕು ಕಾಯಿ ಜಜ್ಜಿ, ರಸ ಸೋಸಿ, ತುಕ್ಕಿನ ಚುಕ್ಕೆಗೆ ಮಾತ್ರ ಹಚ್ಚಿ, ಹತ್ತು ನಿಮಿಷದಲ್ಲಿ ತೊಳೆಯಿರಿ. ಸೋಸದಿದ್ದರೆ ಅದರ ಹಸಿರು ಇನ್ನೊಂದು ಕಲೆ. ಶುದ್ಧ ಆಕ್ಸಾಲಿಕ್ ಆಸಿಡ್ ಹುಡಿಯನ್ನು ನಾವು ಲಾಂಡ್ರಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಮನೆಗೆ ಮಾತ್ರ ತರಬೇಡಿ. ಅದು ವಿಷ, ನೋಡಲು ಸಕ್ಕರೆಯ ಹಾಗಿರುತ್ತದೆ.

ಇಷ್ಟೆಲ್ಲ ಹೇಳಿದ್ದು ಶುದ್ಧ ಹತ್ತಿಯ ಮುಂಡಿಗೆ. ಲೈಕ್ರಾ ಸೇರಿದ ಬಟ್ಟೆ ಬ್ಲೀಚಿಗೆ ಹಳದಿಯಾದರೆ ಅದು ಎಳೆಯೇ ಸುಟ್ಟದ್ದು, ಯಾವ ಹುಳಿಗೂ ವಾಪಸು ಬರುವುದಿಲ್ಲ. ರೇಷ್ಮೆ, ಉಣ್ಣೆಗೆ ಬ್ಲೀಚ್ ತಾಗಿದರೆ ಎಳೆಯೇ ಕರಗುತ್ತದೆ. ಬಣ್ಣದ ಬಟ್ಟೆಗೆ ಹಾರಿದ ಚುಕ್ಕೆ ಕಲೆಯೇ ಅಲ್ಲ, ಅಲ್ಲಿ ಬಣ್ಣವೇ ಹೋಗಿದೆ. ಅದಕ್ಕೆ ಮತ್ತೆ ಬಣ್ಣ ಹಾಕಬೇಕು ಅಥವಾ ಮೇಲೊಂದು ಹೂ ಹೊಲಿಯಬೇಕು.

ಇನ್ನು ನೀಲಿ ಕೂತ ಕಸವಿನ ಮುಂಡು. ಮುಟ್ಟದೆ ಇಟ್ಟದ್ದು ನೀವು ಮಾಡಿದ ಅತಿ ಜಾಣ ಕೆಲಸ. ನೀವು ಬರೆಯದೆ ಬಿಟ್ಟ ಒಂದೇ ವಿಷಯವೂ ಇಲ್ಲೇ ಇದೆ: ಅದು ಬಾಟ್ಲಿ ನೀಲಿಯೋ, ಹುಡಿ ನೀಲಿಯೋ? ನಮ್ಮ ಕಡೆ ಎರಡಕ್ಕೂ ‘ನೀಲಿ’ ಅಂತಲೇ ಹೆಸರು. ಆದರೆ ಗುಣ ಪೂರ್ತಿ ಬೇರೆ.

ಹುಡಿ ನೀಲಿ ಅಂದರೆ ಅಲ್ಟ್ರಾಮರೀನ್. ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಗುಡ್ಡಗಳಿಂದ ತಂದ ನೀಲಿ ಕಲ್ಲನ್ನು ಅರೆದು ಈ ಬಣ್ಣ ಮಾಡುತ್ತಿದ್ದರು. 1820ರ ದಶಕದಲ್ಲಿ ಯುರೋಪಿನಲ್ಲಿ ಅದನ್ನು ಕೃತಕವಾಗಿ ಮಾಡಲು ಕಲಿತ ಮೇಲೆ ಅಗ್ಗವಾಗಿ ಒಗೆಯುವ ಕಲ್ಲಿನವರೆಗೆ ಬಂತು. ಅದು ನೀರಿನಲ್ಲಿ ಕರಗುವುದೇ ಇಲ್ಲ, ತೇಲುತ್ತದೆ ಅಷ್ಟೆ. ಗಂಟು ಸರಿಯಾಗಿ ಬಿಡದಿದ್ದರೆ ಬಟ್ಟೆಯಲ್ಲಿ ಚುಕ್ಕೆಚುಕ್ಕೆ ಕೂರುತ್ತದೆ. ಬಾಟ್ಲಿ ನೀಲಿ ಹಾಗಲ್ಲ, ನೀರಿನಲ್ಲಿ ಕರಗುವ ನೇರಳೆ ಬಣ್ಣ. 1983ರಲ್ಲಿ ತ್ರಿಶ್ಶೂರಿನಲ್ಲಿ ಉಜಾಲ ಹುಟ್ಟಿತು. ಆಮೇಲೆ ಬಾಟ್ಲಿ ನೀಲಿಯೇ ಮನೆಮನೆಯ ರೂಢಿಯಾಯಿತು.

ಯಾವುದು ಅಂತ ಕಂಡುಹಿಡಿಯಲು ಕಲೆಯನ್ನು ಒದ್ದೆ ಮಾಡಿ ಮೇಲೆ ಬಿಳಿ ಬಟ್ಟೆಯ ತುಂಡು ಒತ್ತಿ. ನೇರಳೆ ನೀರು ಹತ್ತಿಕೊಂಡು ಅಂಚು ಹರಡಿದರೆ ಬಾಟ್ಲಿಯದ್ದು. ಹರಡದೆ, ಬೆರಳಿಗೆ ನುಣ್ಣನೆ ಹುಡಿಯ ಹಾಗೆ ಸಿಕ್ಕಿದರೆ ಹುಡಿಯದ್ದು.

ಹುಡಿಯದ್ದಾದರೆ ಮೊದಲು ಒಣಗಿಸಿ ಕೊಡವಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ. ಉಳಿದದ್ದಕ್ಕೆ ನಿಂಬೆ ಉಪ್ಪಿನ ನೀರು. ಅಲ್ಟ್ರಾಮರೀನಿಗೆ ಹುಳಿ ಆಗದು, ಬಣ್ಣ ಬಿಟ್ಟುಬಿಡುತ್ತದೆ. ಆಗ ಕೊಳೆತ ಮೊಟ್ಟೆಯ ಹಾಗೆ ಸಣ್ಣ ವಾಸನೆ ಬಂದರೆ ಹೆದರಬೇಡಿ, ಅದರೊಳಗಿನ ಗಂಧಕ ಹೊರಗೆ ಬರುವ ವಾಸನೆ ಅದು. ಕಿಟಕಿ ತೆರೆದಿರಲಿ.

ಬಾಟ್ಲಿಯದ್ದಾದರೆ ಅವಸರ ಬೇಡ. ಈ ನೇರಳೆ ಬಣ್ಣಕ್ಕೆ ಹತ್ತಿಯ ಮೇಲೆ ದೊಡ್ಡ ಪ್ರೀತಿ ಇಲ್ಲ, ಸುಮ್ನೆ ಕೂತಿರುತ್ತದೆ. ತಣ್ಣೀರಿನಲ್ಲಿ ನೆನೆಸಿ, ನೀರು ಬಣ್ಣಕ್ಕೆ ತಿರುಗಿದ ಹಾಗೆ ಬದಲಿಸುತ್ತಾ ಹೋಗಿ. ಒಂದು ದಿನ ಹಿಡಿಯಲಿ. ಆಮೇಲೂ ಉಳಿದರೆ ಬಿಸಿನೀರಿಗೆ ಸೋಪಿನ ಹುಡಿ, ಒಂದು ಚಮಚ ಒಗೆಯುವ ಸೋಡಾ ಹಾಕಿ ಕಲೆಯ ಭಾಗವನ್ನು ಮಾತ್ರ ಅದ್ದಿ. ಕಸವಿನ ಅಂಚನ್ನು ಬಾಲ್ದಿಯ ಹೊರಗೆ ಬಿಟ್ಟು ಬಟ್ಟೆ ಕ್ಲಿಪ್ಪು ಹಾಕಿ. ಸೋಡಾ ಆಗಲಿ ಹುಳಿ ಆಗಲಿ ಜರಿಗೆ ತಾಗಬಾರದು. ಬ್ಲೀಚಂತೂ ದೂರವೇ ಇರಲಿ, ಜರಿ ಕಪ್ಪಿಟ್ಟು ಹೋಗುತ್ತದೆ. ಅಷ್ಟಾದ ಮೇಲೂ ತೆಳು ನೆರಳು ಉಳಿದರೆ ನಾಲ್ಕೈದು ಒಗೆತದಲ್ಲಿ ತಾನಾಗಿ ಹೋಗುತ್ತದೆ. ಇದೇ ನೀಲಿ ರೇಷ್ಮೆ ಸೀರೆಗೋ ನೈಲಾನಿಗೋ ಬಿದ್ದಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಅವುಗಳನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಹಳೆ ಮಡಿವಾಳರ ಒಂದು ಉಪಾಯ ಇದೆ. ಕಲೆ ತೆಳುವಾದ ಮೇಲೆ ಇಡೀ ಮುಂಡನ್ನು ಹದವಾದ ನೀಲಿ ನೀರಿಗೆ ಅದ್ದುವುದು. ಸುತ್ತಲೂ ಒಂದೇ ನೆರಳಾದರೆ ಕಲೆ ಕಣ್ಣಿಗೆ ಬೀಳುವುದಿಲ್ಲ. ಇದು ಕಲೆ ತೆಗೆದದ್ದಲ್ಲ, ಅಡಗಿಸಿದ್ದು. ನಾಳೆಯೇ ಮದುವೆಗೆ ಉಡಬೇಕು ಅಂದರೆ ತಪ್ಪೇನಿಲ್ಲ.

ನೀಲಿ ಹಾಕುವ ಕ್ರಮದಲ್ಲಿ ಎಡವುವುದು ಒಂದೇ ಕಡೆ: ಬಟ್ಟೆ ಇರುವ ಬಾಲ್ದಿಗೆ ನೀಲಿ ಸುರಿಯುವುದು. ಮೊದಲು ಒಂದು ಚೊಂಬು ನೀರಿಗೆ ಹನಿ ಲೆಕ್ಕದಲ್ಲಿ ಹಾಕಿ ಕದಡಿ. ಅದನ್ನು ತುಂಬಿದ ಬಾಲ್ದಿಗೆ ಸುರಿದು ಕೈಯಾಡಿಸಿ. ಅಂಗೈಯಲ್ಲಿ ಆ ನೀರು ತೆಗೆದುಕೊಂಡರೆ ಆಕಾಶದ ಬಣ್ಣ ಕಾಣಬೇಕು, ಶಾಯಿಯ ಬಣ್ಣ ಅಲ್ಲ. ಬಟ್ಟೆ ಒದ್ದೆ ಇರಬೇಕು, ಸೋಪು ಪೂರ್ತಿ ಹೋಗಿರಬೇಕು, ಮಡಿಕೆ ಬಿಚ್ಚಿರಬೇಕು. ಅದ್ದಿ, ಎರಡು ಸಲ ಮೇಲೆ ಕೆಳಗೆ ಮಾಡಿ ತೆಗೆದುಬಿಡಿ. ಫೋನು ಬಂತು ಅಂತ ಬಿಟ್ಟು ಹೋಗಬಾರದು. ಹುಡಿಯಾದರೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಆಡಿಸಬೇಕು. ಹಾಗೆಯೇ, ಕೆನೆ ಬಣ್ಣದ ಕೋರಾ ಮುಂಡಿಗೆ ನೀಲಿಯೇ ಬೇಡ.

ಕೋರಾ ಬಟ್ಟೆಗೆ ಇನ್ನೊಂದು ಅಪಾಯ ಇದೆ. ಡಿಟರ್ಜೆಂಟನ್ನು ನೇರ ಅದರ ಮೇಲೆ ಸುರಿದರೆ ಅಲ್ಲಿ ಬೆಳ್ಳಗೆ ಮಚ್ಚೆ ಆಗುತ್ತದೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ. ಅದು ಸೋಪಲ್ಲ, ಹೊಳಪು ಕೊಡುವ ಬ್ರೈಟನರ್. ಬಿಸಿಲಿನ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬಿಡುವ ವಸ್ತು. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೀಲಿ ದೀಪದ ಕೆಳಗೆ ಹಿಡಿದು ನೋಡಿ, ಆ ಮಚ್ಚೆ ಮಾತ್ರ ಮಿಣಮಿಣ ಹೊಳೆಯುತ್ತದೆ. ಅದನ್ನು ತೆಗೆಯುವ ಮದ್ದು ಮನೆಯಲ್ಲಿ ಇಲ್ಲ.

ಚೂಡಿದಾರದ ಎಣ್ಣೆ ಮಚ್ಚೆ ನಾಲ್ಕರಲ್ಲೂ ಸುಲಭದ್ದು. ಕಂಡಿಷನರ್ ಅಂದರೆ ನೀರಿನಲ್ಲಿ ಕದಡಿದ ಜಿಡ್ಡು. ಎಳೆಗಳಿಗೆ ತೆಳುವಾಗಿ ಮೆತ್ತಿಕೊಂಡು ಬಟ್ಟೆ ಮೆತ್ತಗೆ ಮಾಡುವುದೇ ಅದರ ಕೆಲಸ. ನೀರು ಬೆರೆಸದೆ ಸುರಿದರೆ ಬಿದ್ದಲ್ಲೇ ದಪ್ಪಗೆ ಕೂರುತ್ತದೆ. ಮಚ್ಚೆಯನ್ನು ಉಗುರುಬೆಚ್ಚನೆ ನೀರಿನಲ್ಲಿ ಒದ್ದೆ ಮಾಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಬೆರಳಿನಲ್ಲಿ ತಿಕ್ಕಿ ಹತ್ತು ನಿಮಿಷ ಬಿಡಿ. ಬಣ್ಣ ಬಿಡುತ್ತದಾ ಅಂತ ಒಳ ಹೊಲಿಗೆಯಲ್ಲಿ ಮೊದಲೇ ನೋಡಿಕೊಳ್ಳಿ. ಆಮೇಲೆ ಕಂಡಿಷನರ್ ಇಲ್ಲದೆ ಒಗೆಯಿರಿ. ಎರಡು ಸಲಕ್ಕೆ ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹಚ್ಚುವವರೂ ಇದ್ದಾರೆ. ಬೇಡ ಮಾರಾಯ್ರೆ, ಬೆಂಕಿಯ ಜೊತೆ ಆಟ.

ಕಂಡಿಷನರನ್ನು ಸೋಪಿನ ಜೊತೆ ಹಾಕಬಾರದು. ಎರಡೂ ಒಂದನ್ನೊಂದು ಹಿಡಿದುಕೊಂಡು ಬಿಳಿ ಗಸಿಯಾಗುತ್ತವೆ. ಎರಡರ ಕೆಲಸವೂ ಆಗುವುದಿಲ್ಲ, ಗಸಿ ಮಾತ್ರ ಬಟ್ಟೆಗೆ. ಮೆಷಿನ್ನಿನಲ್ಲಿ ಅದಕ್ಕೆ ಬೇರೆ ಖಾನೆ ಇರುತ್ತದೆ, ಕೊನೆಯ ನೀರಿಗೆ ತಾನಾಗಿ ಬಿಡುತ್ತದೆ. ಅದಕ್ಕೂ ಸಮಪಾಲು ನೀರು ಬೆರೆಸಿ ಹಾಕಿ. ಬೈರಾಸಿಗೆ ಹಾಕಲೇಬೇಡಿ, ಮೈ ಒರೆಸಿದರೆ ನೀರೇ ಹೀರುವುದಿಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಕಮಟು ವಾಸನೆಗೆ ಕಂಡಿಷನರ್ ಮದ್ದೇ ಅಲ್ಲ. ಅಲ್ಲಿಂದಲೇ ಈ ಕತೆ ಶುರುವಾದದ್ದು ನೋಡಿ. ಆಟಿಯ ಮಳೆಯಲ್ಲಿ ಬಟ್ಟೆ ಒಣಗಲು ಎರಡು ಮೂರು ದಿನ ಬೇಕು. ಬಟ್ಟೆಯಲ್ಲಿ ಉಳಿದ ಕೊಳೆ, ಸೋಪು ತಿಂದು ಬ್ಯಾಕ್ಟೀರಿಯ ಬೆಳೆಯುತ್ತದೆ. ಪರಿಮಳ ಆ ವಾಸನೆಯನ್ನು ಮುಚ್ಚುತ್ತದೆ, ಜಿಡ್ಡು ಬ್ಯಾಕ್ಟೀರಿಯಕ್ಕೆ ಹಾಸಿಗೆ ಹಾಸಿಕೊಡುತ್ತದೆ. ಬೇಕಾದದ್ದು ಸೋಪು ಕಡಿಮೆ, ಜಾಲಿಸುವುದು ಜಾಸ್ತಿ. ಸ್ಪಿನ್ ಎರಡು ಸಲ, ಒಳಗೆ ಫ್ಯಾನಿನ ಗಾಳಿ.

ಕಪ್ಪು ಬಟ್ಟೆಯ ಬಿಳಿ ಗೆರೆಯ ಕಾರಣವೂ ಇದೇ, ಸೋಪು ಜಾಸ್ತಿ. ನಮ್ಮ ಮುರಕಲ್ಲಿನ ನೀರು ಸಾಮಾನ್ಯವಾಗಿ ಮೆದು. ರಾಯಚೂರು, ಸೊಲ್ಲಾಪುರ ಕಡೆಯ ಗಡಸು ನೀರಿಗೆ ಬೇಕಾಗುವಷ್ಟು ಹುಡಿ ಇಲ್ಲಿ ಬೇಡ. ಇಲ್ಲಿ ಅಷ್ಟು ಹಾಕಿದರೆ ಬರೀ ನೊರೆ, ಜಾಲಿಸಿದರೂ ಹೋಗುವುದಿಲ್ಲ. ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಯ ಅರ್ಧದಿಂದ ಶುರು ಮಾಡಿ. ಒಂದು ಚೊಂಬು ಬಿಸಿನೀರಿನಲ್ಲಿ ಕರಗಿಸಿ, ಮೊದಲು ಅದನ್ನು ಮೆಷಿನ್ನಿಗೆ ಹಾಕಿ, ಆಮೇಲೆ ಬಟ್ಟೆ. ಬಾರ್ ಸೋಪಿನಲ್ಲಿ ಕಾಲರ್ ಉಜ್ಜುವ ಅಭ್ಯಾಸ ಇದ್ದರೆ ಅದನ್ನು ಕೈಯಲ್ಲೇ ಜಾಲಿಸಿ ಮೆಷಿನ್ನಿಗೆ ಹಾಕಿ. ಅಗ್ಗದ ಬಾರಿನಲ್ಲಿ ಬಿಳಿ ಮಣ್ಣು, ಸುಣ್ಣದ ಕಲ್ಲಿನ ಹುಡಿ ಸೇರಿರುತ್ತದೆ. ಆ ಗೆರೆ ಅದರದ್ದೇ. ಈಗ ಇರುವ ಗೆರೆಗೆ ಬರೀ ಬೆಚ್ಚಗಿನ ನೀರಿನ ಒಂದು ಸುತ್ತು ಸಾಕು.

ತಿಂಗಳಿಗೊಮ್ಮೆ ಖಾಲಿ ಮೆಷಿನ್ನಿಗೆ ಬಿಸಿನೀರು, ಅರ್ಧ ಲೋಟ ನಿಂಬೆ ಉಪ್ಪು ಹಾಕಿ ಓಡಿಸಿ. ಡ್ರಮ್ಮಿನ ಹೊರಮೈಯಲ್ಲಿ ಸೋಪು, ಕಂಡಿಷನರ್, ತುಕ್ಕು ಸೇರಿ ಕಟ್ಟಿದ ಪಾಕ ಕಿತ್ತು ಬರುತ್ತದೆ. ಬಿಳಿ ಬಟ್ಟೆಗೆ ಆಗಾಗ ಅಂಟುವ ಬೂದು ಚೂರುಗಳು ಅದರದ್ದೇ. ಮೆಷಿನ್ ಹಾಳಾಗಿಲ್ಲ. ಆದರೆ ಅತ್ತೆ ಹೇಳಿದ್ದರಲ್ಲೂ ಸತ್ಯ ಇದೆ: ಕಲ್ಲಿನಲ್ಲಿ ಒಗೆಯುವಾಗ ಸೋಪು ಹೋಯಿತಾ ಇಲ್ಲವಾ ಅಂತ ಕೈಗೆ ಗೊತ್ತಾಗುತ್ತಿತ್ತು. ಮೆಷಿನ್ನಿಗೆ ಗೊತ್ತಾಗುವುದಿಲ್ಲ.

ಗಂಜಿ ಹಾಕುವ ಅಭ್ಯಾಸ ಇದ್ದರೆ ಒಂದು ಮಾತು. ಕುಚ್ಚಲಕ್ಕಿಯ ತಿಳಿ ಬಿಳಿ ಮುಂಡಿಗೆ ಬೇಡ, ಕೆಂಪು ನೆರಳು ಬರುತ್ತದೆ. ಬೆಳ್ತಿಗೆ ಅಕ್ಕಿಯದ್ದು ಸೋಸಿ ಹಾಕಿ.

ಉಪ್ಪಿನಿಂದ ನೀಲಿ ಹೋಗುವುದಿಲ್ಲ. ಟೂತ್‌ಪೇಸ್ಟಿನಲ್ಲಿ ಇರುವುದು ಉಜ್ಜುವ ಹುಡಿ, ಎಳೆ ಸವೆಯುತ್ತದೆ, ಪೇಸ್ಟಿನ ಬಣ್ಣ ಸೇರಿ ಇನ್ನೊಂದು ಮಚ್ಚೆ. ಎರಡನ್ನೂ ಬಿಡಿ.

ಡ್ರೈ ಕ್ಲೀನಿಂಗ್ ಕೇಳಿದಿರಿ. ಅದರಲ್ಲಿ ನೀರಿನ ಬದಲು ಜಿಡ್ಡು ಕರಗಿಸುವ ದ್ರಾವಕ ಬಳಸುತ್ತಾರೆ. ಚೂಡಿದಾರದ ಮಚ್ಚೆಗೆ ಅದು ಸರಿ, ಆದರೆ ಅಷ್ಟಕ್ಕೆ ದುಡ್ಡು ಯಾಕೆ? ನೀಲಿಗೆ, ತುಕ್ಕಿಗೆ ಆ ದ್ರಾವಕದಿಂದ ಏನೂ ಆಗುವುದಿಲ್ಲ. ಅದಕ್ಕೆ ಅಂಗಡಿಯವರು ಕೈಯಲ್ಲಿ, ಕಲೆ ನೋಡಿ ಬೇರೆ ಮದ್ದು ಹಾಕಬೇಕು. ಕಸವಿನ ಮುಂಡಿನ ನೀಲಿ ನೆನೆಸಿಯೂ ಬಿಡದಿದ್ದರೆ ಅನುಭವ ಇರುವವರ ಹತ್ತಿರ ಕೊಡಿ. ಕೊಡುವಾಗ ‘ಏನೋ ಬಿತ್ತು’ ಅನ್ನಬೇಡಿ. ನೀಲಿಯ ಬಾಟ್ಲಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಕೌಂಟರಿನ ಮೇಲೆ ಮುಂಡಿನ ಪಕ್ಕ ಇಡಿ.